ನೀರಿಗೆ ಬಿದ್ದರೆ ಔಟ್

ಇವತ್ತು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದ್ದೇ ತಡ, ನೋವಿನ ಮುಲಾಮಿನ ವಾಸನೆ ಮೂಗಿಗೆ ಅಡರಿತು. ಶಿರಾಳಕೊಪ್ಪದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಅಲ್ಲಿ ಹೊಸ ಥಾನಿನ ಗಂಜಿಯ ವಾಸನೆ ಇರಬೇಕು ತಾನೆ? ಬೋಣಿಗೆಗೆ ಬಂದ ಗಿರಾಕಿ ಮೂಗು ಅರಳಿಸಿ, "ಏನ್ರೀ, ಮೆಡಿಕಲ್ ಶಾಪ್ ಮಾಡಿದ್ರಾ?" ಎಂದು ಕೇಳಿಯೇಬಿಟ್ಟರು. ಮೂಲೆಯಲ್ಲಿ ನಮ್ಮ ಕ್ರಿಕೆಟ್ ತಂಡದ ಚೀಲ ಕೂತಿತ್ತು. ಶ್ರೀಲಂಕಾದಿಂದ ಬಂದು ತಿಂಗಳಾಗುತ್ತಾ ಬಂದರೂ ಯಾರೂ ಅದನ್ನು ಬಿಚ್ಚಿರಲಿಲ್ಲ. ಅದರೊಳಗೆ ಬ್ಯಾಟುಗಳಿಗಿಂತ ಮುಲಾಮಿನ ಡಬ್ಬಿಗಳೇ ಹೆಚ್ಚು.

ಹೌದು, ಶ್ರೀಲಂಕಾಕ್ಕೇ ಹೋಗಿದ್ದು, ಕ್ರಿಕೆಟ್ ಆಡಲಿಕ್ಕೇ ಹೋಗಿದ್ದು. ನಗಬೇಡಿ. ಐವತ್ತೈದು ದಾಟಿದವರಿಗೂ ಅಲ್ಲಿ ಟೂರ್ನಮೆಂಟು ನಡೆಯುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ ನಮ್ಮ ಫಾರಿನ್ ಟೂರು ಬಂದದ್ದು ಮೊಣಕಾಲು ಮಡಚಲು ಬಾರದಾದ ಮೇಲೆ. ಶಿಕಾರಿಪುರದವರೂ ಸೊರಬದವರೂ ಹಿಂದೆ ಒಬ್ಬರ ಮೇಲೊಬ್ಬರು ಹಲ್ಲು ಕಡಿದು ಆಡಿದವರು. ಈಗ ಎರಡೂ ತಾಲ್ಲೂಕು ಸೇರಿಸಿದರೆ ಬಗ್ಗಿ ಚೆಂಡು ಹೆಕ್ಕಬಲ್ಲ ಒಂದು ತಂಡವಾದೀತು ಎಂದು ಲೆಕ್ಕ ಹಾಕಿ ಒಂದಾದೆವು. ನಾನು ಸೊರಬದ ಕಡೆಯ ಕುಪ್ಪಗಡ್ಡೆಯವನು. ನನ್ನನ್ನು ಸೇರಿಸಿಕೊಂಡದ್ದು ನನ್ನ ಆಟ ನೋಡಿ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಎರಡೂ ಊರಿಗೆ ನಡುವಿನ ಶಿರಾಳಕೊಪ್ಪದಲ್ಲಿ ಚೀಲ ಇಡಲು, ಕೂತು ಚಹಾ ಕುಡಿಯಲು ಒಂದು ಜಾಗ ಬೇಕಿತ್ತು, ಅಷ್ಟೆ.

ನಮ್ಮ ನಾಯಕ ಹಾಲೇಶಪ್ಪ. ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿದರೂ ಚೆಂಡಿನಿಂದ ದೃಷ್ಟಿ ಕೀಳದ ಮನುಷ್ಯ. ನಾವೆಲ್ಲ ಆಡಿ ಬೆಳೆದದ್ದು ಕೆರೆಯಂಗಳದಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಣಗಿದ ಅಂಗಳವೇ ಮೈದಾನ. ಆದರೆ ಬ್ಯಾಟು ಹಿಡಿದವನ ಎಡಗಡೆಗೆ ನೀರು ಇದ್ದೇ ಇರುತ್ತಿತ್ತು. ಇರುವುದೊಂದೇ ಚರ್ಮದ ಚೆಂಡು, ಅದು ನೀರು ಕುಡಿಯಿತೆಂದರೆ ಆವತ್ತಿನ ಆಟ ಮುಗಿದಂತೆ. ಅದಕ್ಕೇ ಹಾಲೇಶಪ್ಪ ಹರೆಯದಲ್ಲೇ ಒಂದು ಕಾನೂನು ಮಾಡಿಟ್ಟಿದ್ದರು: ನೀರಿಗೆ ಬಿದ್ದರೆ ಔಟ್, ಹೊಡೆದವನೇ ಇಳಿದು ಚೆಂಡು ತರಬೇಕು. ಸೊರಬದ ನಾವೂ ಅದನ್ನೇ ಒಪ್ಪಿಕೊಂಡಿದ್ದೆವು. ಹಾಗಾಗಿ ನಮ್ಮಲ್ಲಿ ಎಡಕ್ಕೆ ಎತ್ತಿ ಹೊಡೆದವನು ಅಂಪೈರನ್ನು ನೋಡುವುದಿಲ್ಲ, ಸೀದಾ ಪ್ಯಾಂಟು ಮಡಚುತ್ತಾನೆ.

ಹೋದ ವರ್ಷ ಓಡುವಾಗ ಬಿದ್ದು ಹಾಲೇಶಪ್ಪನವರ ಮೊಣಕಾಲಿಗೆ ಆಪರೇಷನ್ ಆಯಿತು. "ಆಡಬಹುದಾ?" ಎಂದು ಕೇಳಿದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಆಡಿದ್ರೆ ಆಡಿ, ಜಾಸ್ತಿ ಓಡಬೇಡಿ" ಎಂದರು. ಹಾಲೇಶಪ್ಪನವರ ಹೆಂಡತಿ ಗಿರಿಜಕ್ಕ ಮಾತ್ರ ದೀಪವನ್ನು ಒಂದೇ ಕಡೆ ಇಟ್ಟರು. "ಮದುವಿ ಆದ್ರೆ ಹುಚ್ಚು ಬಿಡ್ತದೆ ಅಂತಾರೆ, ಇವ್ರಿಗೆ ಮೊಮ್ಮಕ್ಕಳಾದ್ರೂ ಬಿಟ್ಟಿಲ್ಲ. ಲಂಕಾಕ್ಕೆ ಹೋಗಿಬರ್ರಿ. ಅದೇ ಕೊನೇದು. ಬಂದಮ್ಯಾಲೆ ಬ್ಯಾಟು ಅಟ್ಟ ಹತ್ತಬೇಕು." ಹಾಲೇಶಪ್ಪ ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬುದೇ ನಮ್ಮ ಚಿಂತೆಯಾಗಿತ್ತು.

ಅಲ್ಲಿಗೆ ಹೋದಮೇಲೆ ಶಿಕಾರಿಪುರದವರ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೂ ಸೊರಬದವರ ಅಪ್ಪೆಮಿಡಿ ಉಪ್ಪಿನಕಾಯಿಗೂ ನಡೆದ ಪೈಪೋಟಿ ಮೈದಾನದಲ್ಲಿ ನಡೆದಿದ್ದರೆ ಕಪ್ಪು ನಮ್ಮದೇ. ಮೊದಲೆರಡು ಪಂದ್ಯ ಸೋತೆವು. ಕೊನೆಯದು ಅಲ್ಲಿನವರದೇ ಒಂದು ಹಿರಿಯರ ತಂಡದ ಮೇಲೆ. ತೆಂಗಿನಮರಗಳ ನಡುವಿನ ಮೈದಾನ, ಎಡಗಡೆಗೆ ಥಳಥಳಿಸುವ ಹಿನ್ನೀರು. ಅದನ್ನು ನೋಡಿದ್ದೇ ನಮ್ಮವರಿಗೆಲ್ಲ ಊರಿಗೆ ಬಂದ ಹಾಗಾಯಿತು.

ಗೆಲ್ಲಲು ಐದು ರನ್ ಬೇಕಿದ್ದಾಗ ಉಳಿದದ್ದು ಒಂದೇ ವಿಕೆಟ್. ಒಂದು ತುದಿಗೆ ಹಾಲೇಶಪ್ಪ, ಇನ್ನೊಂದು ತುದಿಗೆ ನಾನು. ಈ ಜೋಡಿಯನ್ನು ನೋಡಿ ನಮ್ಮ ವಿಕೆಟ್ ಕೀಪರ್ ರಾಮಪ್ಪ ಕಣ್ಣು ಮುಚ್ಚಿಕೊಂಡಿರಬೇಕು. ಆದರೂ ಮೊಬೈಲು ಹಿಡಿದು ವಿಡಿಯೊ ಮಾಡುತ್ತಿದ್ದ. "ಒಂದೊಂದೇ ರನ್ ತಗೊಳ್ಳಾಣ್ರೀ" ಎಂದು ನಾನು ಹೇಳಿದ್ದೆ. ಹಾಲೇಶಪ್ಪ ತಲೆಯಾಡಿಸಿದ್ದರು ಕೂಡ. ಮುಂದಿನ ಚೆಂಡು ಕಾಲಿನ ಹತ್ತಿರ ನಿಧಾನಕ್ಕೆ ಬಂತು. ಹಾಲೇಶಪ್ಪ ಮೊಣಕಾಲೂರಿ, ಇಡೀ ಮೈಯನ್ನೇ ಬ್ಯಾಟಿಗೆ ಕೊಟ್ಟು ಹೊಡೆದರು. ಚೆಂಡು ತೆಂಗಿನಮರಗಳ ಮೇಲೆ ಹೋಗಿ ನೀರಿನ ನಡುವೆ ಬಿತ್ತು.

"ಅಯ್ಯೋ!" ಎಂದು ನಾನು ತಲೆಯ ಮೇಲೆ ಕೈಯಿಟ್ಟೆ. ಬೆಂಚಿನ ಮೇಲಿದ್ದ ನಮ್ಮ ಇಡೀ ತಂಡ "ಹೋಯ್ತು!" ಎಂದು ಎದ್ದು ನಿಂತಿತು. "ಎಂಥ ಮಾಡಿದ್ರಿ ಮಾರಾಯ್ರೆ!" ಎಂದು ರಾಮಪ್ಪ ಕೂಗಿದ್ದು ವಿಡಿಯೊದಲ್ಲಿ ಈಗಲೂ ಕೇಳುತ್ತದೆ. ಹಾಲೇಶಪ್ಪ ಬ್ಯಾಟು ನೆಲಕ್ಕಿಟ್ಟು, ಪ್ಯಾಡು ಬಿಚ್ಚಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಕುಂಟುತ್ತ ನೀರಿನ ಕಡೆ ಹೊರಟರು. ನಾನು ಹಿಂದೆಯೇ ಓಡಿದೆ. ಓಡಿದೆ ಎಂದರೆ ನನ್ನ ವಯಸ್ಸಿಗೆ ತಕ್ಕ ಹಾಗೆ.

"ನೀರಿದೆ ಅಂತ ಗೊತ್ತಿದ್ದೂ ಯಾಕೆ ಹೊಡೆದ್ರಿ?"

"ಬೈರಿ ಬೇಕಾದ್ರೆ," ಎಂದರು ಅವರು. ಪಾದ ಆಗಲೇ ನೀರಿನಲ್ಲಿತ್ತು. "ನಾನೇ ಮಾಡಿದ ಕಾನೂನು, ನನ್ನ ಕೈ ನಾನೇ ಕಟ್ಟಿಹಾಕ್ಕಂಡು ಇಷ್ಟು ವರ್ಷ ಆಡೀನಿ. ಇದು ಕೊನೇ ಆಟ. ಸೋತ್ರೆ ಸೋಲ್ಲಿ, ಒಂದ್ಸಲನಾದ್ರೂ ಆ ಕಡೆ ಹೊಡೀಬೇಕು ಅನಿಸ್ತು."

ಆಗ ಎದುರು ತಂಡದ ಬೌಲರ್ ಬಂದು ಅವರ ಕೈಕುಲುಕಿ, ಹಿಂದಕ್ಕೆ ತಿರುಗಿಸಿ ತೋರಿಸಿದ. ಅಂಪೈರು ಎರಡೂ ಕೈ ಎತ್ತಿ ನಿಂತಿದ್ದ. ನಾವು ಗೆದ್ದದ್ದು ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಗಿತ್ತು!

"ಹಂಗಾರೆ ಇಲ್ಲಿ ಇದು ಆರೇನ್ರೀ?" ಎಂದು ಕೇಳಿದ ಹಾಲೇಶಪ್ಪ ನೀರಿನಲ್ಲೇ ಕೂತು ನಗತೊಡಗಿದರು. ಅಷ್ಟು ಸುಖವಾಗಿ ನಗುವ ಮನುಷ್ಯ ಇನ್ನು ಆಡುವುದಿಲ್ಲವಲ್ಲ ಎಂದುಕೊಳ್ಳುತ್ತ ನಾನು ಅವರನ್ನು ಎಬ್ಬಿಸಲು ಕೈ ಕೊಟ್ಟೆ.

ಊರಿಗೆ ಬಂದ ದಿನವೇ ಬ್ಯಾಟು ಅಟ್ಟ ಹತ್ತಿತು. ಭಾನುವಾರದ ಆಟಕ್ಕೆ ನಾವು ಕರೆಯಲಿಲ್ಲ, ಅವರೂ ಬರಲಿಲ್ಲ.

ಇವತ್ತು ಆ ಚೀಲವನ್ನು ಹಿತ್ತಿಲಿನ ಬಿಸಿಲಿಗೆ ಹಾಕಿ ಒಳಗೆ ಬಂದರೆ ಗಿರಿಜಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಸಂತೆಗೆ ಬಂದವರು. "ಅದೇನೋ ವಿಡಿಯೊ ಐತಂತೆ, ತೋರಸ್ರಿ" ಎಂದರು. ತೋರಿಸಿದೆ. ಪ್ಯಾಂಟು ಮಡಚುವ ಜಾಗಕ್ಕೆ ಬಂದಾಗ, "ಇಲ್ಲಿ ನಿಲ್ಲಸ್ರಿ. ಇಷ್ಟೊತ್ತಿಗೆ ಗೆದ್ದಿದ್ದು ಗೊತ್ತಿತ್ತೇನು ಅವ್ರಿಗೆ?" ಎಂದು ಕೇಳಿದರು.

"ಇಲ್ಲಕ್ಕ. ಔಟಾದೆ, ಸೋತ್ವಿ ಅಂತಲೇ ತಿಳ್ಕೊಂಡಿದ್ರು."

"ಮತ್ತೆ ನಗ್ತಾ ಇದಾರಲ್ರೀ."

ನಾನು ಆವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ಹೌದು, ಸೋತೆನೆಂದುಕೊಂಡು ಪ್ಯಾಂಟು ಮಡಚುತ್ತಿದ್ದ ಹಾಲೇಶಪ್ಪನವರ ಮುಖದ ತುಂಬ ನಗು. ಗಿರಿಜಕ್ಕ ಬಹಳ ಹೊತ್ತು ಆ ಮುಖವನ್ನೇ ನೋಡಿದರು.

"ಭಾನುವಾರ ಬಂತಂದ್ರೆ ಗ್ವಾಡಿ ನೋಡ್ಕಂತ ಕುಂದರ್ತಾರೆ," ಎಂದರು. "ಕೇಳಿದ್ರೆ ಏನಿಲ್ಲ ಅಂತಾರೆ." ಆಮೇಲೆ ಸೆರಗು ಸರಿಮಾಡಿಕೊಂಡು ಅಂಗಡಿಯ ಕಪಾಟಿನ ಕಡೆ ನೋಡುತ್ತ, "ಬಿಳೀ ಪ್ಯಾಂಟಿನ ಬಟ್ಟೆ ತಗೀರಿ" ಎಂದರು.

ಎಷ್ಟೋ ವರ್ಷದಿಂದ ಬಟ್ಟೆ ಮಾರುತ್ತಿದ್ದೇನೆ, ಗಿರಾಕಿಯೆದುರು ಕಣ್ಣು ತುಂಬಿದ್ದು ಇದೇ ಮೊದಲು. ಥಾನು ಬಿಚ್ಚಿ, "ಒಂದು ಪ್ಯಾಂಟಿಗೆ ಕೊಡ್ಲಾ ಅಕ್ಕ?" ಎಂದೆ.

"ಎಲ್ಡಕ್ಕೆ ಹರೀರಿ," ಎಂದರು ಗಿರಿಜಕ್ಕ. "ಒಂದು ನೀರಾಗ ನೆಂದ್ರೆ ಮನಿಗೆ ಬರಾಕೆ ಇನ್ನೊಂದು ಬೇಕಲ್ಲ."