ಹಿಂದಕ್ಕೆ ನಡೆಯುವ ಮನೆತನ

ಐತಿಹಾಸಿಕ ಕಾದಂಬರಿ ಬರೆಯಲು ಹೊರಟ ನನಗೆ, ಮುನ್ನೂರು ವರ್ಷದಿಂದ ಒಂದೇ ಕಸುಬು ಮಾಡಿಕೊಂಡು ಬಂದ ಒಂದು ಮನೆತನ ಬೇಕಾಗಿತ್ತು. ಮೇಷ್ಟರ ಕೆಲಸದಿಂದ ನಿವೃತ್ತನಾದವನಿಗೆ ಹೊತ್ತಿಗೇನು ಬರ? ಮೊದಲು ಅತ್ತರು ಮಾಡುವವರ ಮನೆಗೆ ಹೋದೆ. ಅವರು ಮುತ್ತಾತನನ್ನು ಹೊಗಳಿದ ಅಬ್ಬರಕ್ಕೆ ತಲೆ ಸುತ್ತಿತು. ಕತ್ತಿ ಮಾಡುವವರ ಮನೆಯಲ್ಲಂತೂ ಸೋತ ಪೂರ್ವಿಕನೇ ಇರಲಿಲ್ಲ. ಬುರುಡೆ ಬಿಡುವುದಕ್ಕೂ ಒಂದು ಮಿತಿ ಬೇಡವೇ?

ಕೊನೆಗೆ ಹಗ್ಗ ಹೊಸೆಯುವವರ ಶೆಡ್ಡಿಗೆ ಹೋದೆ. ಅಗಲ ಅಷ್ಟಕ್ಕಷ್ಟೇ, ಉದ್ದ ಮಾತ್ರ ಇನ್ನೂರೈವತ್ತು ಹೆಜ್ಜೆ. ಈ ತುದಿಯಲ್ಲಿ ನಿಂತರೆ ಆ ತುದಿಯ ಬಾಗಿಲು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಮಗಳು ಚಕ್ರ ತಿರುಗಿಸುತ್ತಿದ್ದಳು. ಅರವತ್ತು ದಾಟಿದ ಯಜಮಾನರು ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ತಿರುಗಿ ನೋಡುತ್ತಲೇ ಇರಲಿಲ್ಲ. ಅಲ್ಲಿನ ನೆಲ ಅವರ ಅಂಗಾಲಿಗೆ ಬಾಯಿಪಾಠವಾಗಿತ್ತು.

“ನಮ್ಮನೇಲಿ ಎಲ್ಲಾರೂ ಹಿಂದಕ್ಕೇ ನಡೆದೋರು ಮೇಷ್ಟ್ರೇ. ಒಬ್ಬನಾದ್ರೂ ಮುಂದಕ್ಕೆ ಬರ್ಲಿಲ್ಲ ಅಂತ ನಮ್ಮವಳು ಬೈತಾನೇ ಇದ್ಲು,” ಎಂದರು. ಇಂಥ ಮನುಷ್ಯನನ್ನೇ ನಾನು ಹುಡುಕುತ್ತಿದ್ದದ್ದು.

ಆ ಮನೆಯ ಪ್ರತಿ ಹಗ್ಗದ ನಡುವೆ ಒಂದು ನೀಲಿ ಎಳೆ ಇರುತ್ತದೆ. ಹೊರಗೆ ಕಾಣುವುದಿಲ್ಲ, ಬಿಚ್ಚಿದರೆ ಮಾತ್ರ ಸಿಗುತ್ತದೆ. ಮೊದಲ ತಾತ ಮಾಡಿಟ್ಟ ಕಟ್ಟಳೆ. ಹಗ್ಗ ಕದ್ದವನನ್ನು ಹಿಡಿಯಲಿಕ್ಕೇನೋ ಎಂದೆ.

“ಅಲ್ಲ, ನಮ್ಮನ್ನ ಹಿಡಿಯೋಕೆ. ಹರಿದ್ರೆ ಯಾರದ್ದು ಅಂತ ಗೊತ್ತಾಗ್ಬೇಕಲ್ಲ.”

ಅದು ಒಮ್ಮೆ ಹಿಡಿದಿತ್ತು ಕೂಡ. ಇಪ್ಪತ್ತಾರು ವರ್ಷದ ಹಿಂದೆ ತೇವ ತಗುಲಿದ ನಾರು ಬಂದಿತ್ತು. ಒಳಗೆ ಕೊಳೆತಿದೆಯೆಂದು ಅವರ ಮೂಗಿಗೆ ಗೊತ್ತಾಗಿತ್ತು. ಗಿರಾಕಿ ಬೆನ್ನು ಬಿದ್ದಿದ್ದ. ನಡೆಯುತ್ತದೆ ಬಿಡು ಎಂದು ಹೊಸೆದು ಕೊಟ್ಟುಬಿಟ್ಟರು. ಹೊಸ ಕಟ್ಟಡದ ಮೂರನೆಯ ಮಹಡಿಗೆ ಕಲ್ಲು ಏರಿಸುವಾಗ ಹಗ್ಗ ಹರಿಯಿತು. ಕೆಳಗಿದ್ದ ಗಾರೆ ಕೆಲಸದವನು ಅಲ್ಲೇ ಪ್ರಾಣ ಬಿಟ್ಟ.

ಕಟ್ಟಡದವನು ಹತ್ತು ಕಡೆಯಿಂದ ಹಗ್ಗ ತಂದಿದ್ದ. ಯಾವುದು ಯಾರದೆಂದು ಅವನಿಗೇ ಗೊತ್ತಿರಲಿಲ್ಲ. ಸುದ್ದಿ ಕೇಳಿ ಅಲ್ಲಿಗೆ ಓಡಿಬಂದ ಯಜಮಾನರ ಪಕ್ಕೆ ತಿವಿದು ಅವರ ಅಣ್ಣ ಪಿಸುಗುಟ್ಟಿದರಂತೆ: “ಬಾಯಿ ಮುಚ್ಕೊಂಡಿರು. ಮನೆತನದ ಮಾನ ಬೀದಿಗೆ ಬರುತ್ತೆ.” ಇವರು ತುಂಡನ್ನು ಕೈಗೆತ್ತಿಕೊಂಡು ಬಿಚ್ಚಿ, ನೀಲಿ ಎಳೆಯನ್ನು ಪೊಲೀಸರ ಮುಂದೆ ಹಿಡಿದರು. ಹನ್ನೊಂದು ತಿಂಗಳು ಜೈಲಾಯಿತು. ಅಣ್ಣ ಸಾಯುವವರೆಗೂ ಇವರೊಡನೆ ಮಾತಾಡಲಿಲ್ಲ. ಬಿಡುಗಡೆಯಾದ ದಿನವೇ ಗಾರೆಯವನ ಹೆಂಡತಿಯ ಮನೆಗೆ ಹೋದರೆ ಆಕೆ ಬಾಗಿಲು ತೆಗೆಯಲಿಲ್ಲ.

“ಯಾಕೆ ತೆಗೀಬೇಕು ಹೇಳಿ?” ಎಂದರು.

ನಾಚಿಕೆಯಾದರೂ ಹೇಳುತ್ತೇನೆ, ಒಳಗೊಳಗೇ ಹಿಗ್ಗುತ್ತಿದ್ದೆ. ಕಾದಂಬರಿ ಸಿಕ್ಕಿತ್ತು! ಒಂದು ವರ್ಷ ಕೂತು ಬರೆದೆ. ಕಟ್ಟಡ ಕೋಟೆಯಾಯಿತು, ಪೊಲೀಸರು ರಾಜಭಟರಾದರು, ಕೊಳೆತ ನಾರು ಹೊಸೆದವನು ಹತ್ತು ತಲೆಮಾರಿನ ಹಿಂದಿನ ತಾತನಾದ. ಹಸ್ತಪ್ರತಿಯ ಕಂತೆ ಹೊತ್ತುಕೊಂಡು ಹೋಗಿ ಆ ಭಾಗವನ್ನು ಓದಿ ಹೇಳಿದೆ. ಮಗಳು ಚಕ್ರ ನಿಲ್ಲಿಸಿ ಅತ್ತಳು. ಯಜಮಾನರು ಮಾತ್ರ ಅಲ್ಲಾಡಲಿಲ್ಲ.

“ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಬೇಡ.”

“ಯಾಕೆ? ನಿಮ್ಮ ಸುದ್ದಿ ಇದರಲ್ಲಿ ಎಲ್ಲೂ ಬಂದಿಲ್ವಲ್ಲ!”

“ಅದಕ್ಕೇ ಬೇಡ. ನಮ್ಮ ತಾತಂದಿರು ಎಂದೂ ಕೊಳೆತದ್ದು ಹೊಸೆದೋರಲ್ಲ. ಸತ್ತು ಮಣ್ಣಾದೋರು, ಎದ್ದು ಬಂದು ಅಲ್ಲ ಅನ್ನೋಕಾಗಲ್ಲ. ನಾನು ಮಾಡಿದ್ದನ್ನ ಅವರ ತಲೆಗೆ ಕಟ್ಬೇಡಿ.”

“ಇದು ಕಥೆ ತಾನೇ ಯಜಮಾನ್ರೇ,” ಎಂದೆ. ವರ್ಷದ ಶ್ರಮವನ್ನು ನೀರಿಗೆ ಬಿಡುವ ಮನಸ್ಸಿರಲಿಲ್ಲ.

ಅವರು ನಾರಿನ ಕಂತೆಯನ್ನು ಮತ್ತೆ ಸೊಂಟಕ್ಕೆ ಸುತ್ತಿಕೊಂಡರು.

“ಆ ಗಾರೆಯವನನ್ನೂ ಮುನ್ನೂರು ವರ್ಷ ಆಚೆಗೆ ತಳ್ಳಿಬಿಟ್ರಲ್ಲ ಮೇಷ್ಟ್ರೇ. ಅವನ ಹೆಂಡತಿ ಇನ್ನೂ ಇದಾಳೆ.”

ಹಸ್ತಪ್ರತಿ ಎತ್ತಿಕೊಂಡು ಮನೆಗೆ ಬಂದೆ. ಕಾದಂಬರಿಯನ್ನು ಅಟ್ಟಕ್ಕೆ ಹಾಕಿ, ನಡೆದದ್ದನ್ನು ನಡೆದ ಕಾಲದಲ್ಲೇ ಇಟ್ಟು, ಇಷ್ಟನ್ನು ಬರೆದಿದ್ದೇನೆ.