ಬೆನ್ನಿಗೆ ಕಟ್ಟಿದ ದಂಟು

ಅವರು ನಡೆದು ಬರುವಾಗ ಮೊದಲು ಎಡಭುಜ ಬರುತ್ತಿತ್ತು, ಆಮೇಲೆ ಅವರು. ನರಗುಂದದ ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷ ಕಡಲೆ ಚೀಲ ಎತ್ತಿ ಸೊಟ್ಟಗಾದ ಬೆನ್ನು ಅದು. ಅಂಥವರು ನಮ್ಮ ಜಿಮ್ಮಿನಲ್ಲಿ ನೆಲದಿಂದ ಭಾರದ ರಾಡ್ ಎತ್ತುವ ಡೆಡ್‌ಲಿಫ್ಟ್ ಕಲಿಸುತ್ತಾರೆಂದರೆ ಹೊಸಬರು ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕವನೇ. ಆಮೇಲೆ ಎಲ್ಲರ ಬಾಯಲ್ಲೂ ಅವರು, ಗರಡಿಮನೆಯ ಗುರುವಿನಂತೆ, ವಸ್ತಾದರೇ ಆದರು.

"ನನ್ನ ಬೆನ್ನ ನೋಡ್ರಿ, ಹಿಂಗ ಮಾಡಬ್ಯಾಡ್ರಿ. ಮುಗೀತು ಪಾಠ," ಎಂದು ತಾವೇ ಮೊದಲು ನಗುತ್ತಿದ್ದರು.

ಅಲ್ಲಿಗೆಲ್ಲಿ ಮುಗಿಯುತ್ತದೆ! ತಮ್ಮೂರು ಬೆಳವಣಕಿಯಿಂದ ಬರುವಾಗ ಒಣ ಜೋಳದ ದಂಟಿನ ಕಟ್ಟು ತರುತ್ತಿದ್ದರು. ನಮ್ಮ ಬೆನ್ನಿಗೆ ಕುತ್ತಿಗೆಯಿಂದ ಟೊಂಕದವರೆಗೆ ಒಂದು ದಂಟಿಟ್ಟು ಟವೆಲ್ಲಿನಿಂದ ಬಿಗಿಯುವುದು. "ಟೊಂಕ ಹಿಂದಕ್ಕ ಒಯ್ಯಿ, ಎದಿ ಎತ್ತು, ಹೊಟ್ಟಿ ಬಿಗಿ ಹಿಡಿ. ರಾಡ್ ಕಾಲ ಸವರಿಕೋಂತ ಬರ್ಲಿ." ಬೆನ್ನು ಗೂನಾಯಿತೋ, ದಂಟು ಲಟಕ್! ಆವತ್ತು ಹತ್ತು ಕಿಲೋ ಇಳಿಸಲೇಬೇಕು. ವಾದವಿಲ್ಲ.

ಜಿಲ್ಲಾ ಸ್ಪರ್ಧೆಗೆ ಎಂಟು ದಿನವಿತ್ತು. ದಂಟು ಮುರಿಯದಂತೆ ನೂರಾನಲವತ್ತು ಕಿಲೋ ಎತ್ತಿದರೆ ಮಾತ್ರ ಕಳಿಸುತ್ತೇನೆ ಎಂದಿದ್ದರು. ನನ್ನದು ದಿನವೂ ಮುರಿಯುತ್ತಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ನಮ್ಮ ಹೊಲದಿಂದ ಹಸಿ ದಂಟು ತಂದು, ಹಸಿರು ಕಾಣದಂತೆ ಒಣ ಎಲೆಯ ರವದಿ ಸುತ್ತಿ, ಅವರು ಚಹಾಕ್ಕೆ ಹೋದಾಗ ಗೆಳೆಯನ ಕೈಲಿ ಕಟ್ಟಿಸಿಕೊಂಡೆ. ಮುರಿಯದ ದಂಟು ತೋರಿಸಿದರಾಯಿತಲ್ಲ! ಹಸಿ ದಂಟು ಬಾಗುತ್ತದೆ, ಮುರಿಯುವುದಿಲ್ಲ. ನೂರಾನಲವತ್ತಕ್ಕೆ ಕೈಹಾಕಿ ಎತ್ತಿದೆ. ಖರೇ, ಮುರಿಯಲಿಲ್ಲ. ನನ್ನ ಟೊಂಕವೇ ಚಳಕ್ ಎಂದು ಹಿಡಿದು ನಾನು ನೆಲಕ್ಕೆ ಬಿದ್ದೆ.

ಸದ್ದು ಕೇಳಿ ಓಡಿಬಂದ ವಸ್ತಾದರು ಟವೆಲ್ ಬಿಚ್ಚಿ, ಬಾಗಿದ ದಂಟನ್ನು ಕೈಯಲ್ಲಿ ಹಿಡಿದು ನೋಡಿದರು. ಬೈಗುಳಕ್ಕೆ ಕಾದೆ.

"ನನಗ ಹೇಳಾವ್ರು ಯಾರೂ ಇರಲಿಲ್ಲಪಾ ತಮ್ಮಾ. ನಿನಗ ನಾ ಇದ್ನಲ್ಲೋ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ನಾಚಿಕೆಯಿಂದ ಸತ್ತೇ ಹೋದೆ.

ಸ್ಪರ್ಧೆ ತಪ್ಪಿತು. ನೋವು ಇಳಿದ ಮೇಲೆ ಮೂರು ತಿಂಗಳು ಬರೀ ರಾಡಿನಲ್ಲಿ, ಮೊದಲಿನಿಂದ ಕಲಿಸಿದರು. ಆ ಹಸಿ ದಂಟಿನ ಮಾತು ಒಮ್ಮೆಯೂ ಎತ್ತಲಿಲ್ಲ, ಪುಣ್ಯಾತ್ಮ.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ದಿನಾ ಬೆಳಿಗ್ಗೆ ಹೋಗಿ, ಅವರನ್ನು ಎತ್ತಿ ಅಂಗಳದ ಬಿಸಿಲಿಗೆ ಕೂರಿಸುತ್ತಿದ್ದೆ. ಕೊನೆಯ ವಾರ ಮಾತು ನಿಂತಿತ್ತು. ಆದರೂ ನಾನು ಬಗ್ಗಿ ತೋಳು ಹಾಕುತ್ತಲೇ ಅವರ ಕೈ ನನ್ನ ಕುತ್ತಿಗೆಯಿಂದ ಟೊಂಕದವರೆಗೆ ಸವರುತ್ತ ಇಳಿಯುತ್ತಿತ್ತು. ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆಯೇ ಮೈಭಾರವನ್ನು ನನ್ನ ಮೇಲೆ ಬಿಡುತ್ತಿದ್ದರು.

ಅವರು ಹೋಗಿ ಆರು ತಿಂಗಳಾಯಿತು. ಇಂದಿಗೂ ನಮ್ಮ ಕಿರಾಣಿ ಅಂಗಡಿಯಲ್ಲಿ ಚೀಲಕ್ಕೆ ಬಗ್ಗಿದರೆ, ಎತ್ತುವ ಮುಂಚೆ ಆ ಕೈಗಾಗಿ ಒಂದು ಗಳಿಗೆ ಕಾಯುತ್ತೇನೆ.