ಹೆಸರೆತ್ತಲಾಗದ ಸಿಪಾಯಿಗಳು

ಬೆಳಗಾವಿ ಸೀಮೆಯ ನಮ್ಮ ಊರಿನ ಗಂಡಸರಿಗೆ ಎರಡೇ ದಾರಿ: ಮುಂಬಯಿಯ ಗಿರಣಿ, ಇಲ್ಲವೆ ಮಿಲಿಟರಿ. ಗಿರಣಿಗೆ ಹೋದವರು ಕೆಮ್ಮು ತರುತ್ತಿದ್ದರು, ಮಿಲಿಟರಿಗೆ ಹೋದವರು ಮೀಸೆ ತರುತ್ತಿದ್ದರು. ಹೆಣ್ಣು ಹೆತ್ತವರು ಮೀಸೆಯನ್ನೇ ಆರಿಸುತ್ತಿದ್ದರು. ನನ್ನ ಅಪ್ಪನೂ ಹಾಗೇ ಮಾಡಿದ.

ಮದುವೆಯಾಗಿ ನಾನು ಬಂದದ್ದು ಮುಂಬಯಿ ಹತ್ತಿರದ ಠಾಕುರ್ಲಿಯ, ಸಾಲುಖೋಲಿಗಳ ಒಂದು ಚಾಳಿಗೆ. ಅಲ್ಲಿ ಒಂದು ಸಾಲು ಪೂರ್ತಿ ನಮ್ಮೂರಿನವರದೇ. ಭಾವ ಗಿರಣಿಯಲ್ಲಿದ್ದರು, ಗಂಡ ಗಡಿಯಲ್ಲಿದ್ದ, ಅತ್ತೆ ಹೊಸ್ತಿಲಲ್ಲಿ ಕುಳಿತು ಇಡೀ ಸಾಲನ್ನು ಕಾಯುತ್ತಿದ್ದಳು. ನಮ್ಮ ಸಿಪಾಯಿಗಳು ರಜೆಗೆ ಬಂದರೆ ನಲ್ಲಿಯ ಮುಂದಿನ ಕೊಡಗಳಿಗೂ ಕವಾಯತು ಕಲಿಸುತ್ತಿದ್ದರು. ಅದೇ ವೀರರು ತಾಯಿ ಒಮ್ಮೆ ಕೆಮ್ಮಿದರೆ ಸೇದುತ್ತಿದ್ದ ಬೀಡಿಯನ್ನೇ ನುಂಗುವಷ್ಟು ಗಾಬರಿಗೊಳ್ಳುತ್ತಿದ್ದರು.

ಎಪ್ಪತ್ತೊಂದರ ಯುದ್ಧ ಶುರುವಾದಾಗ ನಮ್ಮೂರಿನ ಹುಡುಗರ ದೊಡ್ಡ ಹಿಂಡೇ ಅದರಲ್ಲಿತ್ತು. ವಿಮಾನದಾಳಿಯ ಭಯಕ್ಕೆ ಕಿಟಕಿಗೆ ಕಂದು ಕಾಗದ ಅಂಟಿಸಿ, ಸಂಜೆಗೆ ದೀಪ ಆರಿಸಿ ಕೂರುತ್ತಿದ್ದೆವು. ಯುದ್ಧ ಮುಗಿಯಿತು. ಪಕ್ಕದ ಡೊಂಬಿವಲಿಯಲ್ಲಿ ಪಟಾಕಿ ಹೊಡೆದರು, ಪೇಢೆ ಹಂಚಿದರು. ಒಬ್ಬೊಬ್ಬರ ಮನೆಗೂ ಸುದ್ದಿ ಬಂತು. ಬಾರದೆ ಉಳಿದದ್ದು ಇಬ್ಬರದು: ನನ್ನ ಗಂಡನದು, ಪಕ್ಕದ ಖೋಲಿಯವಳ ಗಂಡನದು. ಅವಳು ನನಗಿಂತ ಹಿರಿಯಳು, ಅಕ್ಕ ಎಂದು ಕರೆಯುತ್ತಿದ್ದೆ. ಅವಳಿಗೆ ಇಬ್ಬರು ಮಕ್ಕಳು, ನನಗೆ ಇನ್ನೂ ಮದುವೆಯ ಹಸಿರು ಬಳೆ.

ಠಾಣೆಯಲ್ಲಿ ಸೈನಿಕರ ಮನೆಯವರಿಗೆಂದು ಒಂದು ಕಚೇರಿಯಿದೆ, ಅಲ್ಲಿ ಹೆಸರು ಕೊಟ್ಟರೆ ವಿಚಾರಿಸಿ ಹೇಳುತ್ತಾರೆ ಎಂದು ಭಾವ ತಿಳಿದುಕೊಂಡು ಬಂದರು. ಅವರಿಗೆ ರಜೆ ಸಿಗಲಿಲ್ಲ, ಅತ್ತೆಗೆ ಮೊಣಕಾಲು ನೋವು. ನಾವಿಬ್ಬರೇ ಹೋಗಬೇಕಾಯಿತು. ಹೋಗುವುದೇನೋ ಸರಿ, ಹೆಸರು ಕೊಡುವುದು ಹೇಗೆ? ನಮ್ಮಲ್ಲಿ ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಹಬ್ಬದಲ್ಲಿ ನಾಲ್ಕು ಜನರ ಮುಂದೆ ಪ್ರಾಸ ಕಟ್ಟಿ, ಒಡಪಿನಲ್ಲಿ ಸೇರಿಸಿ ಹೇಳಿದರೆ ಮಾತ್ರ ದೇವರು ಕೇಳಿಯೂ ಕೇಳದ ಹಾಗಿರುತ್ತಾನೆ. ಬೇರೆ ದಿನ ಆಯುಷ್ಯ ಕಳೆದರೆ ಹೋಗಲಿ, ಗುಂಡು ಹಾರಿದ ಕಾಲದಲ್ಲಿ ಯಾರು ಕಳೆಯುತ್ತಾರೆ?

"ಸರಕಾರಿ ಕಿಡಿಕಿ ಮುಂದ ನಿಂತ ಒಡಪ ಹಾಕೂಣೇನ?" ಎಂದು ಅಕ್ಕ ನಕ್ಕಳು.

ಅತ್ತೆ ಎಲೆಗೆ ಸುಣ್ಣ ಸವರುತ್ತಾ ದಾರಿ ಹೇಳಿದಳು: "ಎದಕ್ಕ ತಲೀ ಕೆಡಿಸ್ಕೋತೀರಿ? ಆಕಿ ನಿನ್ನ ಗಂಡನ ಹೆಸರ ಹೇಳ್ಲಿ, ನೀ ಆಕಿ ಗಂಡನ ಹೆಸರ ಹೇಳು. ಯಾರ ಆಯುಷ್ಯಕ್ಕೂ ಏನೂ ಧಕ್ಕಿಲ್ಲ."

ಅತ್ತೆ ಗಡಿಯಲ್ಲಿದ್ದಿದ್ದರೆ ಯುದ್ಧ ಇನ್ನೂ ಬೇಗ ಮುಗಿಯುತ್ತಿತ್ತು ಅನ್ನಿಸಿತು.

ಠಾಣೆಯ ಆ ಕಿಟಕಿಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಒಳಗಿದ್ದ ಗುಮಾಸ್ತ ಕೇರಳದ ಕಡೆಯವನು, ತಲೆಯೆತ್ತುವ ಪುರಸೊತ್ತಿಲ್ಲದವನು. ಅಕ್ಕ ಮೊದಲು ಹೋಗಿ ತನ್ನ ಹೆಸರು ಹೇಳಿದಳು, ಆಮೇಲೆ ಗಂಟೆ ಬಾರಿಸಿದಂತೆ ನನ್ನ ಗಂಡನ ಹೆಸರು ಹೇಳಿದಳು. ನಾನೂ ಹೋಗಿ ನನ್ನ ಹೆಸರು, ಅವಳ ಗಂಡನ ಹೆಸರು ಹೇಳಿದೆ. ಮುಂದಿನ ವಾರ ಬನ್ನಿ ಎಂದ. ಗೆದ್ದು ಬಂದವರ ಹಾಗೆ ಹೊರಬಂದು ಕಬ್ಬಿನ ಹಾಲು ಕುಡಿದೆವು.

ಮುಂದಿನ ವಾರ ಅವನು ನಮ್ಮ ನಮ್ಮ ಹೆಸರು ಕೇಳಿದ. ಅಕ್ಕನಿಗೆ, "ತುಮ್ಹಾರಾ ಆದ್ಮಿ ಠೀಕ್ ಹೈ", ನಿನ್ನ ಗಂಡ ಸುಖವಾಗಿದ್ದಾನೆ ಎಂದ. ನನಗೆ ಹೇಳುವಾಗ ಮಾತ್ರ ತಲೆಯೆತ್ತಿದ. "ತುಮ್ಹಾರೇ ಆದ್ಮಿ ಕೋ ಪೈರ್ ಮೇ ಗೋಲಿ ಲಗಾ. ಪೂನಾ ಮೇ ಹೈ, ಮಿಲಿಟರಿ ಅಸ್ಪತಾಲ್." ಕಾಲಿಗೆ ಗುಂಡು ಬಿದ್ದು ಪುಣೆಯ ಆಸ್ಪತ್ರೆಯಲ್ಲಿದ್ದಾನಂತೆ. ಪಾಪ, ಒಂದು ಲೋಟ ನೀರನ್ನೂ ಕೊಟ್ಟ.

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಾನು ನೆಲದ ಮೇಲೇ ಕುಳಿತು ಅತ್ತುಬಿಟ್ಟೆ. ಅಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಾಲಿಗೆ ಬಿದ್ದೈತಿ, ಎದಿಗಲ್ಲ. ಮನಶ್ಯಾ ಉಳದಾನಲ್ಲ, ಅಷ್ಟ ಸಾಕು" ಎನ್ನುತ್ತಿದ್ದಳು. ಎದುರಿಗೆ ಬುಟ್ಟಿ ಇಟ್ಟುಕೊಂಡಿದ್ದ ಸೊಪ್ಪಿನ ಹೆಂಗಸು ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು. ನನ್ನನ್ನು ನಗಿಸಲೆಂದೇ ಇರಬೇಕು, ಅಕ್ಕ ತನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು: ಹೆಸರೆತ್ತದ ಪದ್ಧತಿ, ಅತ್ತೆಯ ಉಪಾಯ, ನನ್ನ ಗಂಡನ ಹೆಸರು ಅವಳು ಹೇಳಿದ್ದು, ಅವಳ ಗಂಡನ ಹೆಸರು ನಾನು ಹೇಳಿದ್ದು.

ಸೊಪ್ಪಿನವಳು ಕೊತ್ತಂಬರಿ ಕಟ್ಟುವುದನ್ನು ನಿಲ್ಲಿಸಿದಳು. "ಅಗಂ ಬಾಯಿ, ಮಗ ಪಾಯ್ ಕೋಣಾಚಾ?"

ಹಾಗಾದರೆ ಕಾಲು ಯಾರದು?

ಅಕ್ಕನ ಕೈ ನನ್ನ ತಲೆಯ ಮೇಲೆ ಹಾಗೇ ನಿಂತಿತು. ನನ್ನ ಅಳು ನಲ್ಲಿ ತಿರುಗಿಸಿದಂತೆ ನಿಂತಿತು. ನನ್ನವನ ಕಾಲಲ್ಲ ಎಂದು ಸಂತೋಷವಾಯಿತು, ಅಷ್ಟೇ ಬೇಗ ಆ ಸಂತೋಷದ ಮೇಲೆ ಸಿಟ್ಟೂ ಬಂತು. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಯಾಕ ಬಿಟ್ಟಿ? ಅಳು. ನನಗ ಒಬ್ಬಾಕಿಗೇ ಅಳಾಕ ಬರಂಗಿಲ್ಲ."

ಇಬ್ಬರೂ ಅತ್ತೆವು. ಸೊಪ್ಪಿನವಳೂ ಸೇರಿಕೊಂಡಳು. ಇಳಿಯುವಾಗ ಒಂದು ಕಟ್ಟು ಮೆಂತ್ಯ ಕೈಗಿಟ್ಟಳು.

ಆ ಭಾನುವಾರ ಭಾವನೊಂದಿಗೆ ಕಲ್ಯಾಣದಿಂದ ಪುಣೆಯ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಅಕ್ಕ ತಿನ್ನಲಿಲ್ಲ, ಕುಡಿಯಲಿಲ್ಲ. ಕಾಲು ಇದೆಯೋ ಕತ್ತರಿಸಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಇದ್ದರೂ ಇಲ್ಲದಿದ್ದರೂ ಎತ್ತಿಕೊಂಡು ಬರುತ್ತೇನೆ ಎಂದು ಒಮ್ಮೆ ಮಾತ್ರ ಹೇಳಿದಳು. ಆಸ್ಪತ್ರೆಯಲ್ಲಿ ಗಂಡಸರನ್ನು ಹೊರಗೇ ಕೂರಿಸಿ, ಮೊದಲು ಹೆಂಗಸರನ್ನು ಒಳಗೆ ಬಿಟ್ಟರು. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಯಾರನ್ನು ನೋಡಬೇಕೆಂದು ಕೇಳಿದ. ರೂಢಿಯಂತೆ ನಾನು ಬಾಯಿ ತೆರೆದೆ. ಅಕ್ಕ ನನ್ನ ಬಾಯಿ ಮುಚ್ಚಿದಳು.

"ಸುಮ್ಕಿರ ನೀ. ಮತ್ತ ನಿನ್ನ ಲೆಕ್ಕಕ್ಕ ಹಾಕ್ತಾರ."

ಸೆರಗು ಬಿಗಿದು, ವಾರ್ಡಿಗೆಲ್ಲ ಕೇಳುವಂತೆ ತನ್ನ ಗಂಡನ ಹೆಸರು ಕೂಗಿದಳು. ಅವನದು, ಅವನ ಅಪ್ಪನದು, ಮನೆತನದ್ದು, ಏನನ್ನೂ ಬಿಡಲಿಲ್ಲ.

ಅವನು ಬಾಗಿಲಿನಿಂದ ಮೂರನೆಯ ಮಂಚದಲ್ಲಿದ್ದ. ಒಂದಕ್ಕೆ ಬ್ಯಾಂಡೇಜು ಸುತ್ತಿದ್ದರೂ ಎರಡು ಕಾಲೂ ಚಾದರದ ಹೊರಗಿದ್ದವು. ಕೂಗು ಕೇಳಿಯೂ ಅವನು ತಿರುಗಲಿಲ್ಲ. ಆ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು, ಆ ಹೆಸರೂ ಅವನದೇ. ಆದರೆ ಆ ದನಿಯಲ್ಲಿ ಆ ಹೆಸರನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಪಕ್ಕದ ಮಂಚದವನನ್ನು ತಿವಿದು, "ನೋಡೋ, ಯಾರೋ ನಿನ್ನ ಕರೀಲಿಕತ್ತಾರ" ಎಂದ.